ಲಂಡನ್ನಿಗೆ ಚಳಿಗಾಲವಾದರೆ ನನಗೇನು

ವರ್ಷಕ್ಕೆ ಎರಡು ಸಲ ಗಡಿಯಾರ ತಿರುಗಿಸುವವರ ಸುದ್ದಿ ಬಂದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಯಾರಾದರೂ ಅದನ್ನು ಜಾಣತನವೆಂದು ಹೊಗಳತೊಡಗಿದರೆ ಎದ್ದು ಅಡುಗೆಮನೆಗೆ ಹೋಗಿಬಿಡುತ್ತೇನೆ. ಅಲ್ಲೇ ಕೂತರೆ ಬಾಯಿಗೆ ಬಂದದ್ದು ಅಂದುಬಿಟ್ಟೇನು ಎಂಬ ಭಯ.

ತೊಂಬತ್ತರ ದಶಕದ ಮಾತು. ದೋಹಾದ ಮದೀನತ್ ಖಲೀಫಾದಲ್ಲಿ ಒಂದು ವಿಲ್ಲಾವನ್ನೇ ಆಫೀಸು ಮಾಡಿಕೊಂಡಿದ್ದ ಬ್ರಿಟಿಷ್ ಕಂಪನಿಯೊಂದರಲ್ಲಿ ನಾನು ಸೆಕ್ರೆಟರಿ. ಮೈಸೂರಿನಲ್ಲಿ ಟೈಪಿಂಗು, ಶಾರ್ಟ್‌ಹ್ಯಾಂಡು ಕಲಿತು, ಮದುವೆಯಾಗಿ, ಗಂಡನ ಹಿಂದೆ ಕತಾರಿಗೆ ಬಂದವಳು. ಗಂಡನ ಕೆಲಸ ಉತ್ತರದ ಗ್ಯಾಸ್ ಸೈಟಿನಲ್ಲಿ. ವಾರವೆಲ್ಲ ಅಲ್ಲೇ ಕ್ಯಾಂಪು. ಗುರುವಾರ ರಾತ್ರಿ ಬಂದು, ಶುಕ್ರವಾರದ ರಜೆ ಮುಗಿಸಿ, ಶನಿವಾರ ಬೆಳಕು ಹರಿಯುವ ಮೊದಲೇ ಹೊರಟುಬಿಡುವರು. ಉಳಿದ ದಿನಗಳಲ್ಲಿ ಬಿನ್ ಒಮ್ರಾನ್ ಬಡಾವಣೆಯ ಫ್ಲ್ಯಾಟಿನಲ್ಲಿ ನಾನು ಮತ್ತು ಒಂದನೇ ಕ್ಲಾಸಿನ ಮಗಳು. ಅವಳು ಮಧ್ಯಾಹ್ನ ಶಾಲೆಯಿಂದ ಬಂದರೆ ನಾನು ಬರುವ ತನಕ ಎದುರು ಮನೆಯ ಅಕ್ಕನ ಹತ್ತಿರ ಇರುತ್ತಿದ್ದಳು. ಅಕ್ಕ ಮಂಗಳೂರು ಕಡೆಯ ಬ್ಯಾರಿಗಳು. ಮನೆ ತುಂಬ ಮಕ್ಕಳು, ಬಾಗಿಲು ದಾಟಿದರೆ ಬ್ಯಾರಿ ಭಾಷೆ. ನನ್ನ ಮಗಳನ್ನೂ ತಮ್ಮ ಮಕ್ಕಳ ಸಾಲಿನಲ್ಲಿ ಕೂರಿಸಿ ಉಣ್ಣಿಸುತ್ತಿದ್ದರು. ಅವರ ಮೇಲೆ ನನಗೆ ಒಂದು ದಿನವೂ ಸಿಟ್ಟು ಬಂದದ್ದಿಲ್ಲ. ಸಿಟ್ಟೆಲ್ಲ ಆಫೀಸಿನ ಗೋಡೆಯ ಮೇಲೆ.

ಆ ಗೋಡೆಯಲ್ಲಿ ಎರಡು ಗಡಿಯಾರಗಳಿದ್ದವು. ಒಂದು ದೋಹಾದ್ದು, ಇನ್ನೊಂದು ಲಂಡನ್ನಿನದು. ಲಂಡನ್ನಿನ ಹೆಡ್ ಆಫೀಸಿನ ಫ್ಯಾಕ್ಸು, ಫೋನು ನೋಡಿಕೊಳ್ಳುವುದು ನನ್ನ ಮುಖ್ಯ ಕೆಲಸ. ಅವರು ಸಂಜೆ ಐದಕ್ಕೆ ಬಾಗಿಲು ಹಾಕುವವರೆಗೆ ನಾನು ಇಲ್ಲಿ ಕುರ್ಚಿ ಬಿಡುವಂತಿಲ್ಲ. ಮಾರ್ಚ್ ಕೊನೆಗೆ ಅವರು ತಮ್ಮ ಗಡಿಯಾರವನ್ನು ಒಂದು ಗಂಟೆ ಮುಂದೆ ತಳ್ಳುತ್ತಿದ್ದರು. ಆಗ ಅವರಿಗೂ ನಮಗೂ ಎರಡು ಗಂಟೆ ಅಂತರ, ಅವರ ಐದು ನಮಗೆ ಏಳು. ಅಕ್ಟೋಬರ್ ಕೊನೆಗೆ ಮತ್ತೆ ಹಿಂದಕ್ಕೆ ಎಳೆಯುವರು. ಅಂತರ ಮೂರು ಗಂಟೆಯಾಗುವುದು, ಅವರ ಐದು ನಮಗೆ ಎಂಟಾಗುವುದು. ಹಾಗಾದರೆ ಬೆಳಿಗ್ಗೆ ಒಂದು ಗಂಟೆ ತಡವಾಗಿ ಬರಲೇ ಎಂದರೆ ಅದೂ ಆಗದು, ಸೈಟಿನವರಿಗೆ ನಾನು ಬೆಳಿಗ್ಗೆಯೂ ಬೇಕು. ಅವರ ಗಡಿಯಾರ ಬದಲಾಗುವುದು ಭಾನುವಾರ. ಅದು ಅವರಿಗೆ ರಜೆ, ನಮಗೆ ಕೆಲಸದ ದಿನ. ಅವರೆಲ್ಲ ಒಂದು ಗಂಟೆ ಹೆಚ್ಚಿಗೆ ನಿದ್ದೆ ಹೊಡೆಯುತ್ತಿರುವಾಗ ನಾನು ಸೀರೆ ಎತ್ತಿ ಕಟ್ಟಿ, ಕುರ್ಚಿ ಹತ್ತಿ, ನನ್ನ ಕೈಯಾರೆ ಆ ಮುಳ್ಳನ್ನು ತಿರುಗಿಸಬೇಕು.

ಒಂದು ಗಂಟೆ ತಾನೇ ಎನ್ನುವವರಿದ್ದಾರೆ. ಮಗಳ ಸ್ಕೂಲ್ ಬಸ್ಸು ಬೆಳಗಿನ ಜಾವವೇ ಬರುತ್ತಿದ್ದುದರಿಂದ ಅವಳು ರಾತ್ರಿ ಎಂಟಕ್ಕೆಲ್ಲ ಮಲಗಿಬಿಡುತ್ತಿದ್ದಳು. ನಾನು ಏಳಕ್ಕೆ ಆಫೀಸು ಬಿಟ್ಟರೆ ಎಚ್ಚರವಿರುವ ಮಗಳು ಸಿಗುತ್ತಿದ್ದಳು. ಸಾರನ್ನ ಕಲಸಿ ತುತ್ತು ಕೊಡುತ್ತಿದ್ದರೆ ಶಾಲೆಯ ಚಾಡಿಯನ್ನೆಲ್ಲ ಹೇಳುವಳು. ಯಾರ ಪೆನ್ಸಿಲನ್ನು ಯಾರು ಕದ್ದರು, ಯಾವ ಮಿಸ್ಸು ಯಾರಿಗೆ ಬೈದರು, ಎಲ್ಲ ಕನ್ನಡದಲ್ಲಿ. ಶಾಲೆಯಲ್ಲಿ ಇಂಗ್ಲಿಷು, ಅಕ್ಕನ ಮನೆಯಲ್ಲಿ ಬ್ಯಾರಿ. ಕನ್ನಡ ಅವಳ ಬಾಯಲ್ಲಿ ಬರುತ್ತಿದ್ದುದೇ ಆ ಹೊತ್ತಿನಲ್ಲಿ. ಎಂಟಕ್ಕೆ ಬಿಟ್ಟರೆ ಸಿಗುತ್ತಿದ್ದುದು ಅಕ್ಕನ ಮನೆಯ ಸೋಫಾದ ಮೇಲೆ ಮಲಗಿದ ಮಗು. ಹೆಗಲಿಗೆ ಹಾಕಿಕೊಂಡು ಬಂದು ನಮ್ಮ ಹಾಸಿಗೆಯಲ್ಲಿ ಮಲಗಿಸುವುದು, ಕತ್ತಲಲ್ಲೇ ಎಬ್ಬಿಸಿ, ಗದರಿಸಿ, ಯೂನಿಫಾರ್ಮು ತೊಡಿಸಿ ಬಸ್ಸಿಗೆ ನೂಕುವುದು. ಶುಕ್ರವಾರದ ರಜೆಯೊಂದು ಬಿಟ್ಟರೆ ಚಳಿಗಾಲವಿಡೀ ನನ್ನ ಮಗಳಿಗೆ ನಾನು ಬೆಳಿಗ್ಗೆ ಗದರುವ ಒಬ್ಬ ಹೆಂಗಸು, ಅಷ್ಟೇ.

"ಊಟ ಮಾಡಿಸಿದ್ದೇನೆ, ನೀವು ಮಂಡೆಬಿಸಿ ಮಾಡ್ಬೇಡಿ ಮಾರಾಯ್ರೆ," ಎನ್ನುವರು ಅಕ್ಕ. "ಅಮ್ಮ ಬರ್ಲಿ, ಅಮ್ಮ ಬರ್ಲಿ ಅಂತ ಕೂತಿದ್ದಳು. ಕೂತಲ್ಲಿಗೇ ನಿದ್ದೆ ಬಂತು."

ಎರಡನೆಯ ಚಳಿಗಾಲದಲ್ಲಿ ಅವಳು ಅಕ್ಕನನ್ನು, ಅವರ ಮಕ್ಕಳ ಹಾಗೆಯೇ, ಉಮ್ಮ ಎಂದು ಕರೆಯತೊಡಗಿದಳು. ಒಂದು ಬೆಳಿಗ್ಗೆ ನಿದ್ದೆಗಣ್ಣಿನಲ್ಲಿ ಬ್ಯಾರಿಯಲ್ಲಿ ನನ್ನನ್ನು ಏನೋ ಕೇಳಿದಳು. ಅರ್ಥವಾಗಲಿಲ್ಲ. ಮತ್ತೆ ಕೇಳಿದಳು. ಆಗಲೂ ಆಗಲಿಲ್ಲ. ಅವಳು ಹೋಗಲಿ ಬಿಡು ಎಂಬಂತೆ ಮುಖ ತಿರುಗಿಸಿ ಹೊದಿಕೆ ಎಳೆದುಕೊಂಡಳು. ಮಗುವಿಗೆ ಇನ್ನೊಂದು ಭಾಷೆ ಬಂದರೆ ಬೇಡವೆನ್ನಲು ನನಗೇನು ತಲೆ ಕೆಟ್ಟಿದೆಯೇ? ಆದರೆ ನನ್ನ ಮಗಳಿಗೆ ಏನು ಬೇಕೆಂದು ನನಗೇ ತಿಳಿಯಲಿಲ್ಲವಲ್ಲ! ಅವಳನ್ನು ಬಸ್ಸಿಗೆ ಹತ್ತಿಸಿ ಬಂದು ಪಾತ್ರೆಗಳ ಮೇಲೆ ಕೋಪ ತೀರಿಸಿಕೊಂಡೆ.

ಅದೇ ದಿನ ಸಂಜೆ, ಮ್ಯಾನೇಜರು ಚಹಾದ ಕಪ್ಪು ಹಿಡಿದು ನನ್ನ ಮೇಜಿನ ಹತ್ತಿರ ಬಂದರು. ಇಂಗ್ಲೆಂಡಿನವರು. ಕೆಟ್ಟವರಲ್ಲ, ಪ್ಲೀಸ್ ಇಲ್ಲದೆ ಮಾತೇ ಇಲ್ಲ. ಜಗಳ ಕಾಯಲು ಒಂದು ನೆಪ ಕೊಡದ ಮನುಷ್ಯನ ಕೈಕೆಳಗೆ ಕೆಲಸ ಮಾಡುವುದು ಎಷ್ಟು ಕಷ್ಟವೆಂದು ಮಾಡಿದವರಿಗೇ ಗೊತ್ತು. ನಾನು ಕೇಳಿಯೇಬಿಟ್ಟೆ: ನೆಟ್ಟಗೆ ನಡೆಯುವ ಗಡಿಯಾರವನ್ನು ನಿಮ್ಮ ಜನ ವರ್ಷಕ್ಕೆ ಎರಡು ಸಲ ಯಾಕೆ ಹಿಡಿದು ತಿರುಗಿಸುತ್ತಾರೆ?

ಅವರಿಗೆ ಖುಷಿಯಾಯಿತು. ಕುರ್ಚಿಯ ತೋಳಿಗೆ ಒರಗಿ ವಿವರಿಸತೊಡಗಿದರು. ಬೇಸಿಗೆಯಲ್ಲಿ ಅವರ ಊರಿನಲ್ಲಿ ಜನ ಏಳುವ ಎಷ್ಟೋ ಮೊದಲೇ ಬೆಳಕು ಹರಿದಿರುತ್ತದಂತೆ. ಮಲಗಿದವರಿಗೆ ಆ ಬೆಳಕಿನಿಂದ ಏನು ಪ್ರಯೋಜನ? ಗಡಿಯಾರವನ್ನು ಮುಂದೆ ತಳ್ಳಿದರೆ ಅದೇ ಬೆಳಕು ಸಂಜೆಗೆ ಸಿಗುತ್ತದೆ. ಆಫೀಸಿನಿಂದ ಬಂದವರು ದೀಪ ಹಚ್ಚದೆ ಮಕ್ಕಳ ಜೊತೆ ತೋಟದಲ್ಲಿ ಆಡಬಹುದು. ಚಳಿಗಾಲದಲ್ಲಿ ಹಾಗೇ ಬಿಟ್ಟರೆ ಬೆಳಿಗ್ಗೆ ಬಹಳ ಹೊತ್ತಿನವರೆಗೆ ಕತ್ತಲು, ಅದಕ್ಕೆ ಹಿಂದಕ್ಕೆ ಎಳೆಯುವುದು.

"ಪಾಪ, ಮಕ್ಕಳು ಕತ್ತಲಲ್ಲಿ ಶಾಲೆಗೆ ನಡೆದು ಹೋಗಬಾರದಲ್ಲ," ಎಂದರು.

ಮಕ್ಕಳು! ಅಷ್ಟು ಹೊತ್ತು ಹಿಡಿದಿಟ್ಟ ಸಿಟ್ಟು ನೆತ್ತಿಗೇರಿತು. "ನನ್ನ ಮಗಳು ದಿನಾ ಕತ್ತಲಲ್ಲೇ ಬಸ್ಸು ಹತ್ತುತ್ತಾಳೆ ಸರ್," ಎಂದೆ. "ಕತ್ತಲಾದ ಮೇಲೆ ಎದುರು ಮನೆಯಲ್ಲಿ ಮಲಗಿರುತ್ತಾಳೆ. ನಿಮ್ಮ ಮಕ್ಕಳಿಗೆ ಬೆಳಗಿನ ಬೆಳಕು ಸಿಗಲಿ ಅಂತ ಅವಳಿಗೆ ಅಮ್ಮ ಸಿಗುತ್ತಿಲ್ಲ. ಗಡಿಯಾರ ತಿರುಗಿಸುವಾಗ ಯಾರಾದರೂ ಅವಳನ್ನು ಕೇಳಿದ್ದಿರಾ?" ನನ್ನ ದನಿ ಏರಿತ್ತು. ಆಚೆ ಕೋಣೆಯಲ್ಲಿ ಲೆಕ್ಕ ನೋಡುತ್ತಿದ್ದ ಈಜಿಪ್ಟಿನವರ ಕ್ಯಾಲ್ಕ್ಯುಲೇಟರ್ ಸದ್ದು ನಿಂತಿತು.

ಅವರು ಕಪ್ಪು ಕೆಳಗಿಟ್ಟರು. ಮುಖ ಕೆಂಪಾಗಿತ್ತು. "ಮಾರ್ಚ್‌ವರೆಗೆ ಮಾತ್ರ ಅಲ್ಲವೇ?" ಎಂದು ಮೆಲ್ಲಗೆ ಕೇಳಿದರು.

ಕುರ್ಚಿ ಎಳೆದು ಹತ್ತಿದೆ. ದೋಹಾದಲ್ಲಿ ಏಳು, ಲಂಡನ್ನಿನಲ್ಲಿ ನಾಲ್ಕು. ಲಂಡನ್ನಿನ ಮುಳ್ಳನ್ನು ಹಿಡಿದು ಐದಕ್ಕೆ ತಂದು ನಿಲ್ಲಿಸಿದೆ. "ಮಾರ್ಚ್ ಬಂತು ಸರ್," ಎಂದು ಕೆಳಗಿಳಿದು ಚೀಲ ಹೆಗಲಿಗೆ ಹಾಕಿಕೊಂಡೆ. ಈಜಿಪ್ಟಿನವರು ಬಾಗಿಲಲ್ಲಿ ನಿಂತು, "ಯಲ್ಲಾ ಮೇಡಂ, ಖಲಾಸ್!" ಎಂದು, ಹೊರಡಿ, ಮುಗಿಯಿತು ಎಂಬಂತೆ ಕೈಬೀಸಿ ನಕ್ಕರು. ಹಿಂದೆ ಫ್ಯಾಕ್ಸು ಕಿರುಗುಟ್ಟತೊಡಗಿತ್ತು. ಬೇಕಾದವರು ನೋಡಿಕೊಳ್ಳಲಿ ಎಂದು ಹೊರಟೆ. ನಾಳೆ ಕೆಲಸ ಇರುತ್ತದೋ ಇಲ್ಲವೋ ಗೊತ್ತಿರಲಿಲ್ಲ, ಟ್ಯಾಕ್ಸಿ ಹತ್ತಿದೆ. ಆದರೆ ಮಗಳು ಓಡಿ ಬಂದು ಕುತ್ತಿಗೆಗೆ ಜೋತು ಬೀಳುತ್ತಾಳೆ ಎಂದುಕೊಂಡೇ ಬಂದೆ.

ಅಕ್ಕನ ಮನೆಯಲ್ಲಿ ಮಕ್ಕಳೆಲ್ಲ ನೆಲದ ಮೇಲೆ ಸಾಲಾಗಿ ಕೂತು ಉಣ್ಣುತ್ತಿದ್ದರು. ಮಗಳು ತಲೆ ಎತ್ತಿ ನೋಡಿದಳು. ಏಳಲಿಲ್ಲ.

"ಅಮ್ಮಾ, ಇವತ್ತು ಶುಕ್ರವಾರನಾ?"

"ಅಲ್ಲ ಪುಟ್ಟಿ, ಮಂಗಳವಾರ."

ಅವಳು ನಂಬಲಿಲ್ಲ. ಅಕ್ಕನ ಕಡೆ ತಿರುಗಿ ಬ್ಯಾರಿಯಲ್ಲಿ ಕೇಳಿದಳು. ಕೇಳಿದ್ದು ಅದನ್ನೇ ಎಂದು ಆ ಭಾಷೆ ಬಾರದ ನನಗೂ ತಿಳಿಯಿತು. ಅಕ್ಕ ನನ್ನ ಮುಖ ನೋಡಲಾರದೆ, ಮಂಗಳವಾರವೇ ಎಂದು ತಲೆಯಾಡಿಸಿದರು. ಆಮೇಲೆಯೇ ಮಗಳು ಎದ್ದು ನನ್ನ ಹತ್ತಿರ ಬಂದಳು.