ನೀರು ಕುಡಿದ ಬೂದಿ

ನಿಮ್ಮ ಹೊಸ ಮನೆಗೆಂದು ತಂದ ಬೂದಿ ಇಟ್ಟಿಗೆಯ ಮೇಲೆ ನಿನ್ನೆ ಕೈಯಿಟ್ಟೆ, ಮಕ್ಕಳೇ. ಬೆರಳಿಗೆ ಪುಡಿ ಅಂಟಿತು, ನಿಮ್ಮ ಅಜ್ಜ ನೆನಪಾದರು. ನಗಬೇಡಿ. ಬೇರೆಯವರಿಗೆ ಮಲ್ಲಿಗೆ ಕಂಡರೆ ಗಂಡ ನೆನಪಾಗಬಹುದು, ನನಗೆ ಬೂದಿ.

ಎಪ್ಪತ್ತರ ದಶಕದಲ್ಲಿ ನಾವು ಸಾಗರದಲ್ಲಿ ಬಾಡಿಗೆಗಿದ್ದೆವು. ಅಜ್ಜ ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ಅಟೆಂಡರ್. ಬೇರೆಯವರ ಪ್ರಯೋಗ ಮುಗಿದ ಮೇಲೆ ಗಾಜು ತೊಳೆದಿಡುವ ಕೆಲಸ. ತಮ್ಮದೂ ಅಂತ ಒಂದು ಪ್ರಯೋಗ ಮಾಡಬೇಕೆಂಬ ಆಸೆಯನ್ನು ನನ್ನೊಬ್ಬಳ ಹತ್ತಿರ ಹೇಳಿಕೊಂಡಿದ್ದರು. ಕಲ್ಲಿದ್ದಲು ಸುಟ್ಟು ಕರೆಂಟು ಮಾಡುವ ಕಡೆ ಕೆಲಸಕ್ಕಿದ್ದ ಗೆಳೆಯರೊಬ್ಬರು ಅಲ್ಲಿನ ಹಾರುಬೂದಿ ಒಂದು ಚೀಲ ರೈಲಲ್ಲಿ ತಂದುಕೊಟ್ಟರು.

"ಎಂತದಾ ಇದು ಮಾರಾಯ? ನಮ್ಮನೆ ಒಲೇಲಿ ಬೂದಿ ಇರ್ಲಿಲ್ವಾ, ರೈಲಲ್ಲಿ ತರ್ಸೂಕೆ?" ಎಂದು ನನ್ನತ್ತೆ, ಅಂದರೆ ಅಜ್ಜನ ತಾಯಿ, ನಕ್ಕರು. ಒಂದು ಹಿಡಿ ತೆಗೆದು ಪಾತ್ರೆ ತಿಕ್ಕಿಯೂ ನೋಡಿದರು. ಜಿಡ್ಡು ಹೋಗಲಿಲ್ಲ.

ಒಲೆಬೂದಿಯಲ್ಲಿ ಕ್ಷಾರ ಜಾಸ್ತಿ, ಅದಕ್ಕೇ ಜಿಡ್ಡು ಬಿಡಿಸುತ್ತದೆ. ಇದು ಬೆಂಕಿಯಲ್ಲಿ ಕರಗಿ, ಹೊಗೆಯೊಡನೆ ಹಾರುವಾಗ ಗುಂಡಗಾದ ಗಾಜಿನ ಪುಡಿ, ಸುಣ್ಣ, ನೀರು ಸೇರಿದರೆ ನಿಧಾನಕ್ಕೆ ಕಲ್ಲಾಗುತ್ತದೆ ಎಂದು ಅಜ್ಜ ನನಗೆ ವಿವರಿಸಿದರು. ಊರ ಶಾಲೆಯ ನನ್ನ ತಲೆಗೆ ಅರ್ಧ ಹೋಯಿತು.

ಬೂದಿಗೆ ಸುಣ್ಣ, ನೀರು ಕಲಸಿ, ಮರದ ಅಚ್ಚಿನಲ್ಲಿ ಇಟ್ಟಿಗೆ ಮಾಡಿ ಒದ್ದೆ ಗೋಣಿ ಹೊದಿಸಿದರು. ಅಷ್ಟರಲ್ಲಿ ಕಾಲೇಜಿನವರು ಪರೀಕ್ಷೆ ಕೆಲಸಕ್ಕೆಂದು ಅವರನ್ನು ಒಂದು ವಾರ ತೀರ್ಥಹಳ್ಳಿಗೆ ಕಳಿಸಿದರು. ನನ್ನ ತಾಯಿಗೆ ಹುಷಾರಿಲ್ಲವೆಂದು ನಾನೂ ಹೊಸನಗರದ ಬಸ್ಸು ಹತ್ತಿದೆ. "ಜೋಪಾನ ಅಮ್ಮ" ಎಂದಷ್ಟೇ ಹೇಳಿ ಅಜ್ಜ ಇಟ್ಟಿಗೆಗಳನ್ನು ಅತ್ತೆಗೆ ಒಪ್ಪಿಸಿದ್ದರು.

ಅತ್ತೆ ಜೋಪಾನವಾಗಿಯೇ ನೋಡಿಕೊಂಡರು. ಬೂಷ್ಟು ಹಿಡಿದೀತೆಂದು ಗೋಣಿ ತೆಗೆದು, ಸಂಡಿಗೆ ಚಾಪೆಯ ಪಕ್ಕದಲ್ಲೇ ಬಿಸಿಲಿಗಿಟ್ಟು, ವಾರವಿಡೀ ಕಾಗೆ ಓಡಿಸುತ್ತ ಕೂತಿದ್ದರು! "ಹೆಂಗೆ ಒಣಗಿದಾವೆ ನೋಡು" ಎಂದರು ಹೆಮ್ಮೆಯಿಂದ, ನಾವಿಬ್ಬರೂ ಮನೆಗೆ ಬಂದಾಗ. ಅಜ್ಜ ಒಂದನ್ನು ಎತ್ತಿದರು. ಅಂಚು ಬೆರಳಲ್ಲೇ ಉದುರಿತು.

ನಾನು ಬಾಗಿಲ ಹಿಂದೆ ನಿಂತು ನೋಡುತ್ತಿದ್ದೆ. ಅಜ್ಜ ಉದುರಿದ ಪುಡಿಯನ್ನು ಅಂಗೈಗೆ ಬಳಿದುಕೊಂಡು, "ಅಮ್ಮ, ಇದು ಸಂಡಿಗೆ ಅಲ್ಲ. ನೀರು ಕುಡಿದೇ ಗಟ್ಟಿಯಾಗೂದು" ಎಂದರು.

"ಮೊದ್ಲೇ ಹೇಳೂಕೆ ಏನಾಗಿತ್ತಾ ನಿಂಗೆ?" ಅತ್ತೆಯ ಮುಖ ಸಣ್ಣದಾಯಿತು. ಒಳಗೆ ಹೋಗಿ ಚೀಲ ಕೊಡವಿದರು. ಒಂದೇ ಇಟ್ಟಿಗೆಗೆ ಆಗುವಷ್ಟು ಬೂದಿ ಉಳಿದಿತ್ತು. "ಕಲಸು. ಈ ಸಲ ನೀರು ನಾನು ಹಾಕ್ತೀನಿ."

ದಿನಾ ತುಳಸಿಗೆ ಒಂದು ಚೊಂಬು, ಇಟ್ಟಿಗೆಗೆ ಒಂದು ಚೊಂಬು. ತಿಂಗಳ ಮೇಲೆ ಅಜ್ಜ ಅದನ್ನು ಮೆಟ್ಟಿಲಿಂದ ಕೆಳಕ್ಕೆ ಬಿಟ್ಟರು. ಠಣ್ಣೆಂದಿತು, ಒಡೆಯಲಿಲ್ಲ. "ನನ್ನ ಮಗ ಬೂದೀನ ಕಲ್ಲು ಮಾಡ್ದ!" ಎಂದು ಅತ್ತೆ ಬೀದಿಗೇ ಕೇಳುವಂತೆ ಕೂಗಿದರು. ಅಜ್ಜ ನಾಚಿ ಒಳಗೆ ಹೋದರು. ಮರುದಿನ ಎಂದಿನಂತೆ ಗಾಜು ತೊಳೆಯಲು ಹೊರಟರು, ಆದರೆ ಶಿಳ್ಳೆ ಹಾಕುತ್ತ.

ಇವತ್ತು ನಿಮ್ಮ ಮೇಸ್ತ್ರಿ, "ಬಿಸಿಲು ಚೆನ್ನಾಗಿದೆ, ಗೋಡೆ ಒಣಗ್ಲಿ" ಎಂದು ಹೊರಟಿದ್ದರು. ಹೊರಗಿನವರೆದುರು ಬಾಯಿಯೇ ತೆರೆಯದ ನಾನು, "ನಿಲ್ಲಿ, ನೀರು ಹಾಕಿ ಹೋಗಿ" ಎಂದೆ.

"ಯಾರು ಹೇಳಿದ್ದಮ್ಮ?"

"ನಮ್ಮ ಮನೆಯವರು" ಎಂದುಬಿಟ್ಟೆ.