ಮಂಡಿ ಮೊಹಲ್ಲಾದ ಕಿತ್ತಳೆ ಮರ

ಕಳೆದ ವಾರ ಸ್ಯಾನ್ ಡಿಯೇಗೊದ ಕರ್ನಿ ಮೆಸಾ ಬಡಾವಣೆಯಲ್ಲಿರುವ ನಮ್ಮ ಆಫೀಸಿನ ಪಾರ್ಕಿಂಗಿನಲ್ಲಿ ಕಾರಿನಿಂದ ಇಳಿಯುವಾಗ ಎಲ್ಲಿಂದಲೋ ಕಿತ್ತಳೆ ಹೂವಿನ ಪರಿಮಳ ತೇಲಿ ಬಂತು. ಸುತ್ತ ಇದ್ದದ್ದು ಬಿಸಿ ಡಾಂಬರು, ಸಾಲು ಕಾರುಗಳು, ಪಕ್ಕದ ನೂಡಲ್ ಅಂಗಡಿಯ ಹೊಗೆ. ಮರ ಮಾತ್ರ ಕಾಣಲಿಲ್ಲ. ಕೈಯಲ್ಲಿ ಬ್ಯಾಗು ಹಿಡಿದು ಅಲ್ಲೇ ನಿಂತುಬಿಟ್ಟೆ. ಎಷ್ಟೋ ವರ್ಷಗಳ ಹಿಂದಿನ ನಾರ್ತ್‌ರಿಜ್, ಕೆಳಮನೆಯ ಆಂಟಿ, ಅವರ ಭಾನುವಾರದ ಮಧ್ಯಾಹ್ನಗಳು...

ನಾವು ಮೂವರು ಹುಡುಗಿಯರು ನಮ್ಮ ದೇಶ ಬಿಟ್ಟು ಓದಲು ಬಂದು ಅಲ್ಲಿ ಮಹಡಿಯ ಮೇಲಿನ ಅಪಾರ್ಟ್‌ಮೆಂಟ್ ಹಂಚಿಕೊಂಡಿದ್ದೆವು. ಒಂದು ದಿನ ಕುಕ್ಕರ್ ತೊಳೆಯುವ ಸರದಿ ಯಾರದೆಂದು ಮೆಟ್ಟಿಲ ಮೇಲೆ ಜೋರಾಗಿ ಜಗಳವಾಡುತ್ತಿದ್ದಾಗ ಕೆಳಗಿನ ಬಾಗಿಲು ತೆರೆಯಿತು. ತಲೆಯ ಮೇಲೆ ತೆಳು ದುಪಟ್ಟಾ ಹೊದ್ದ ಹೆಂಗಸೊಬ್ಬರು ನಗುತ್ತ ನಿಂತಿದ್ದರು.

"ನಿಲ್ಲಿಸ್ಬೇಡ್ರಮ್ಮ, ಕನ್ನಡದಲ್ಲಿ ಜಗಳ ಕೇಳಿ ಎಷ್ಟು ವರ್ಷ ಆಯ್ತು!"

ಹೀಗೆ ಪರಿಚಯವಾಯಿತು. ಅವರು ಮೈಸೂರಿನವರು. ಗಂಡನಿಗೆ ಕಾರ್ಪೆಟ್ ಹಾಸುವ ವ್ಯಾಪಾರ. ಇಲ್ಲೇ ಹುಟ್ಟಿದ ಒಬ್ಬಳೇ ಮಗಳು ಕಾಲೇಜಿಗೆ ಹೋಗುತ್ತಿದ್ದಳು. ಅವಳು ಹೊಸ ಕ್ಯಾಮೆರಾ ಕೊಂಡಾಗ ಹಳೆಯದು ಆಂಟಿಯ ಪಾಲಿಗೆ ಬಂದಿತ್ತು. ಸಂಜೆ ವಾಕಿಂಗಿಗೆ ಹೊರಟರೆ ಏನು ಕಂಡರೂ ಚಿತ್ರ ತೆಗೆಯುತ್ತಿದ್ದರು. ಬಾಲ್ಕನಿಯಲ್ಲಿ ಒಣಗುವ ಬಟ್ಟೆ, ಸ್ಪ್ರಿಂಕ್ಲರಿನಿಂದ ನೆನೆದ ಮೆಟ್ಟಿಲು, ಬಸ್ ಸ್ಟಾಪಿನ ಪಾರಿವಾಳ, ಕಾಂಪೌಂಡ್ ಪಕ್ಕದ ಕಿತ್ತಳೆ ಮರ. ಅವನ್ನು ಇಂಟರ್‌ನೆಟ್ಟಿಗೆ ಹಾಕುವುದು ಹೇಗೆಂದು ಮಗಳನ್ನು ಕೇಳಿದರೆ, "ಅಮ್ಮಿ, ಇಟ್ಸ್ ಸೋ ಈಸಿ" ಎಂದು ಎದ್ದು ಹೋಗುತ್ತಿದ್ದಳಂತೆ. ಹಾಗಾಗಿ ಭಾನುವಾರ ನಾನು ನನ್ನ ಲ್ಯಾಪ್‌ಟಾಪ್ ಹಿಡಿದು ಕೆಳಗಿಳಿಯತೊಡಗಿದೆ.

ಚಿತ್ರ ಹಂಚಿಕೊಳ್ಳುವ ಆ ಸೈಟಿನಲ್ಲಿ ಒಂದು ಭೂಪಟವಿತ್ತು. ಯಾವ ಚಿತ್ರ ಎಲ್ಲಿಯದೋ ಅಲ್ಲಿಗೆ ಎಳೆದು ಬಿಟ್ಟರೆ ಒಂದು ಗುಲಾಬಿ ಚುಕ್ಕಿ ಕೂರುತ್ತಿತ್ತು. ನಾನು ಕಿತ್ತಳೆ ಮರವನ್ನು ನಾರ್ತ್‌ರಿಜ್ ಮೇಲೆ ಇಡಲು ಹೋದೆ.

"ತಡಿ, ತಡಿ," ಎಂದು ಆಂಟಿ ಮೌಸ್ ತೆಗೆದುಕೊಂಡರು. ಭೂಪಟ ಜಾರತೊಡಗಿತು. ಪರದೆಯ ತುಂಬ ನೀಲಿ, ಮತ್ತೆ ನೀಲಿ... ಸಮುದ್ರ ಮುಗಿಯುವುದೇ ಇಲ್ಲವೇನೋ ಅನಿಸಿತು. ಕೊನೆಗೆ ಮೈಸೂರು ಬಂತು, ಮಂಡಿ ಮೊಹಲ್ಲಾ ಬಂತು. ಒಂದು ಸಣ್ಣ ಬೀದಿಯ ನಡುವೆ ಕಿತ್ತಳೆ ಮರವನ್ನು ಮೆಲ್ಲನೆ ಇಳಿಸಿದರು.

"ಆಂಟಿ, ಇದು ಇಲ್ಲಿನ ಮರ ಅಲ್ವಾ?"

"ಗೊತ್ತಮ್ಮ. ಆದ್ರೆ ನೋಡು, ಅರಮನೆ ಮೇಲೆ ಚಿತ್ರದ ಮೇಲೆ ಚಿತ್ರ ಬಿದ್ದಿದೆ. ನಮ್ ಬೀದಿಗೆ ಒಂದೂ ಇಲ್ಲ. ಖಾಲಿ ಇರ್ಬಾರ್ದು."

ಅದು ಅವರು ಹುಟ್ಟಿ ಬೆಳೆದ ಮನೆಯ ಜಾಗ. ಅಂಗಳದಲ್ಲಿ ಬಾವಿಯಿದ್ದ, ಕಿಟಕಿಗೆ ನೀಲಿ ಸರಳುಗಳಿದ್ದ ಮನೆ. ಅಣ್ಣ ಅದನ್ನು ಮಾರಿ ಎಲ್ಲರೂ ಬೆಂಗಳೂರು ಸೇರಿದ ಮೇಲೆ ಆಂಟಿ ಆ ಕಡೆ ಹೋಗಿರಲಿಲ್ಲ. ಅವರ ಬಳಿ ಆ ಮನೆಯ ಒಂದು ಫೋಟೋ ಕೂಡ ಇರಲಿಲ್ಲ. ಇಲ್ಲಿನ ಒದ್ದೆ ಮೆಟ್ಟಿಲು ಅಲ್ಲಿ ಮಸೀದಿಯ ಮಗ್ಗುಲಿಗೆ ಹೋಯಿತು. ಪಾರಿವಾಳಗಳು ಬೇಕರಿಯ ತಿರುವಿಗೆ, ಒಣಗುವ ಬಟ್ಟೆ ಗೆಳತಿಯ ಮನೆಯ ಮುಂದೆ. ಒಂದೊಂದನ್ನು ಇಡುವಾಗಲೂ ಅಲ್ಲಿ ಯಾರಿದ್ದರು, ಏನು ಮಾರುತ್ತಿದ್ದರು ಎಂದು ಹೇಳುತ್ತಿದ್ದರು. ನಾನು ಕೇಳುತ್ತ ಕೇಳುತ್ತ ಸೋಫಾದಲ್ಲೇ ತೂಕಡಿಸುತ್ತಿದ್ದೆ. ಎಚ್ಚರವಾದಾಗ ಕೆಲವೊಮ್ಮೆ ಯಾವ ಊರಿನಲ್ಲಿದ್ದೇನೆ ಎಂದು ತಿಳಿಯುತ್ತಿರಲಿಲ್ಲ.

ಒಂದು ದಿನ ಕಿತ್ತಳೆ ಮರದ ಕೆಳಗೆ ಯಾರೋ ಬರೆದಿದ್ದರು. "ಇದು ನಮ್ಮ ಬೀದಿ. ಇಲ್ಲಿ ಇಂಥ ಮರವಿಲ್ಲ. ದಯವಿಟ್ಟು ತೆಗೆಯಿರಿ."

ಆಂಟಿಯ ಮುಖ ಸಣ್ಣದಾಯಿತು. ನಾನು ಅಳಿಸಲು ಹೋದರೆ ತಡೆದರು. "ಬರಿ, ನಾನ್ ಹೇಳ್ತೀನಿ," ಎಂದರು. "ನಾನೂ ಆ ಬೀದಿಯವಳೇ. ಬಾವಿ ಮನೆಯವಳು. ಅಲ್ಲಿಯ ಫೋಟೋ ನನ್ನ ಹತ್ರ ಇಲ್ಲ, ಅದಕ್ಕೇ ಇಲ್ಲೀದನ್ನ ಇಟ್ಟೆ. ನೀವು ಅಲ್ಲೀದನ್ನ ಹಾಕಿ, ನಾನು ತೆಗೀತೀನಿ."

ಬಹಳ ದಿನಗಳ ಮೇಲೆ ಒಂದು ಭಾನುವಾರ ಆ ಬೀದಿಯಲ್ಲಿ ಹೊಸ ಚುಕ್ಕಿ ಕಂಡಿತು. ಮೂಲೆಯ ನಲ್ಲಿ, ಅದರ ಕೆಳಗೆ ಹಸಿರು ಕೊಡ. ಆಂಟಿ ಪರದೆಗೆ ಮೂಗು ತಾಗುವಷ್ಟು ಬಗ್ಗಿದರು. "ಅಯ್ಯೋ, ಅದೇ ನಲ್ಲಿ!" ಎಂದು ಗಂಡನನ್ನು ಕೂಗಿದರು, ಮಗಳನ್ನೂ ಕೂಗಿದರು. ಆ ಅಪರಿಚಿತರು ತಮ್ಮ ಹೆಸರು ಹೇಳಲಿಲ್ಲ, ನಾವೂ ಕೇಳಲಿಲ್ಲ. ಒಂದಾದ ಮೇಲೊಂದು ಚಿತ್ರ ಬಂತು. ಬೇಕರಿಯ ಗಾಜು, ಪಕ್ಕದ ಮನೆಯ ಕಲ್ಲಿನ ಜಗಲಿ, ಮಾಡುಗಳ ಮೇಲೆ ಇಣುಕುವ ಮಿನಾರು. ಆಂಟಿ ಬಾವಿ ಮನೆಯ ಚಿತ್ರ ಕೇಳಿದಾಗ, "ನೋಡುತ್ತೇನೆ ಅಮ್ಮಾ" ಎಂಬ ಉತ್ತರ ಬಂತು. ಮರುವಾರ ಎದುರುಮನೆಯ ಬಾಗಿಲು ಬಂತು. ಅದರ ಮರುವಾರ ಹಿತ್ತಲ ಗೋಡೆ...

ಆ ವರ್ಷದ ವಸಂತದಲ್ಲಿ ಒಂದು ಮಧ್ಯಾಹ್ನ ಆಂಟಿ ಭೂಪಟವನ್ನು ಆದಷ್ಟು ದೊಡ್ಡದು ಮಾಡಿ, ಬೆರಳಿನಿಂದ ಚುಕ್ಕಿಗಳನ್ನು ಮುಟ್ಟುತ್ತ ಹೋದರು.

"ಈ ಕಡೆ ಹಾಕಿದಾರೆ, ಆ ಕಡೆ ಹಾಕಿದಾರೆ, ಹಿಂದುಗಡೆನೂ ಹಾಕಿದಾರೆ. ನಡುವೆ ನನ್ ಕಿತ್ತಳೆ ಮರ ಒಂದೇ."

ಬೆರಳನ್ನು ಆ ಚುಕ್ಕಿಯ ಮೇಲೆಯೇ ಇಟ್ಟು ನನ್ನತ್ತ ತಿರುಗಿದರು.

"ಮನೆ ಇಲ್ಲಮ್ಮ. ಕೆಡವಿದಾರೆ. ಪಾಪ, ಅವರಿಗೆ ಹೇಳೋಕೆ ಬಾಯಿ ಬರ್ತಿಲ್ಲ."

"ಕೇಳ್ಲಾ ಆಂಟಿ?"

"ಬೇಡ. ಅವರನ್ನ ಯಾಕೆ ಕಷ್ಟಕ್ಕೆ ಸಿಕ್ಕಿಸೋದು?"

ಎದ್ದು ಅಡುಗೆಮನೆಗೆ ಹೋದರು. ನಲ್ಲಿಯ ನೀರು ಬಹಳ ಹೊತ್ತು ಸುರಿಯಿತು. ಹೊರಬಂದಾಗ ಮುಖ ತೊಳೆದುಕೊಂಡಿದ್ದರು. ಕೊಟ್ಟ ಮಾತಿನಂತೆ ಮರವನ್ನು ತೆಗೆಯುವುದಾಗಿ ನನ್ನಿಂದ ಬರೆಸಿದರು. ಮರುದಿನವೇ ಉತ್ತರ ಬಂತು. "ತೆಗೆಯಬೇಡಿ ಅಮ್ಮಾ. ಅಲ್ಲಿಗೆ ಅದೇ ಸರಿ."

ಓದು ಮುಗಿದು ನನಗೆ ಸ್ಯಾನ್ ಡಿಯೇಗೊದಲ್ಲಿ ಕೆಲಸ ಸಿಕ್ಕಿತು. ಅಂಕಲ್‌ಗೆ ಈ ಕಡೆ ಕೆಲಸವಿದ್ದಾಗ ಒಮ್ಮೆ ಆಂಟಿಯೂ ವ್ಯಾನಿನಲ್ಲಿ ಬಂದಿದ್ದರು. ಸಮುದ್ರದಂಡೆಗೆ ಕರೆದೊಯ್ದೆ. ಮಂಜು ಕವಿದು ನೀರೂ ಆಕಾಶವೂ ಒಂದೇ ಬಣ್ಣವಾಗಿದ್ದವು. ಒಂದು ಚಿತ್ರ ತೆಗೆದು, "ಇದನ್ನ ಮೈಸೂರಲ್ಲಿ ಎಲ್ಲಿ ಇಡಲಿ ಹೇಳು!" ಎಂದು ನಕ್ಕರು. ಆ ಚಿತ್ರವನ್ನು ಮಾತ್ರ ಅದರ ಜಾಗದಲ್ಲೇ ಇಟ್ಟರು.

ನಾನು ಅವರನ್ನು ಕಂಡದ್ದು ಅದೇ ಕೊನೆ. ಆಮೇಲೆ ಕಾಯಿಲೆ, ಆಸ್ಪತ್ರೆ, ಫೋನಿನಲ್ಲಿ ದಿನದಿಂದ ದಿನಕ್ಕೆ ಚಿಕ್ಕದಾದ ಮಾತುಗಳು... ಒಂದು ಬೆಳಿಗ್ಗೆ ಮಗಳು ಕರೆ ಮಾಡಿದಳು. ನನ್ನೊಡನೆ ಸದಾ ಇಂಗ್ಲಿಷಿನಲ್ಲೇ ಮಾತಾಡುತ್ತಿದ್ದ ಹುಡುಗಿ ಅಂದು ಹೇಳಿದ್ದು ಎರಡೇ ಮಾತು. "ಅಮ್ಮಿ ಹೋದ್ರು."

ಕೆಲವು ತಿಂಗಳ ಮೇಲೆ ಕಿತ್ತಳೆ ಮರದ ಕೆಳಗೆ ಮೈಸೂರಿನಿಂದ ಪ್ರಶ್ನೆಯೊಂದು ಬಂದಿತ್ತು. "ಬಹಳ ದಿನದಿಂದ ನಿಮ್ಮ ಚಿತ್ರವಿಲ್ಲ. ಆರೋಗ್ಯ ತಾನೇ ಅಮ್ಮಾ?" ಉತ್ತರ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಆ ಕಡೆಯಿಂದ ಒಂದು ಚಿತ್ರ ಬಂತು. ಮೂರಂತಸ್ತಿನ ಕಟ್ಟಡ, ಕೆಳಗೆ ಮುಚ್ಚಿದ ಶಟರ್. ಅದು ಕೂತಿದ್ದದ್ದು ಬಾವಿ ಮನೆಯ ಜಾಗದಲ್ಲಿ, ಕಿತ್ತಳೆ ಮರಕ್ಕೆ ಒತ್ತಿಕೊಂಡು. ಅಷ್ಟು ವರ್ಷ ಅದನ್ನು ಅವರು ತಡೆಹಿಡಿದಿದ್ದರು.

ಈಗ ಆ ಸೈಟು ಮುಚ್ಚಿದೆ. ಮುಚ್ಚುವ ಮೊದಲು ಆಂಟಿಯ ಚಿತ್ರಗಳನ್ನೆಲ್ಲ ಇಳಿಸಿಕೊಂಡೆ. ಚಿತ್ರಗಳು ಬಂದವು, ಅವರು ಇಟ್ಟ ಜಾಗಗಳು ಬರಲಿಲ್ಲ. ಕೆಲವು ನನಗೆ ನೆನಪಿವೆ. ಉಳಿದವುಗಳ ಕಥೆಯನ್ನು ಅವರು ಹೇಳುತ್ತಿದ್ದಾಗ ನಾನು ತೂಕಡಿಸುತ್ತಿದ್ದೆ...

ಮೊನ್ನೆ ಅವರ ಮಗಳು ಮನೆಗೆ ಬಂದಿದ್ದಳು. ಒಂದೊಂದೇ ಚಿತ್ರ ಸರಿಸುತ್ತ, "ವೇರ್ ಈಸ್ ದಿಸ್?" ಎಂದು ಕೇಳುತ್ತಿದ್ದಳು. ನಾರ್ತ್‌ರಿಜ್ ಎಂದೆ. ಮುಂದಿನದಕ್ಕೂ ನಾರ್ತ್‌ರಿಜ್ ಎಂದೆ. ಪ್ರತಿಯೊಂದು ಉತ್ತರವೂ ಸರಿಯಾಗಿತ್ತು. ಆಂಟಿ ಇದ್ದಿದ್ದರೆ ಮಾತ್ರ ಒಂದನ್ನೂ ಒಪ್ಪುತ್ತಿರಲಿಲ್ಲ.