ಚೀಟಿಯಲ್ಲಿ ಬಂದ ‘ಪರ’

ನ್ಯಾಮತಿಯಲ್ಲಿ ಓದುವಾಗ ಹೊನ್ನಾಳಿ, ಚನ್ನಗಿರಿ ಅಂತ ಕರೆದಲ್ಲೆಲ್ಲ ಹೋಗಿ ಚರ್ಚಾಸ್ಪರ್ಧೆ ಗೆದ್ದು ಬಂದವನು ನಾನು. ಪರವೋ ವಿರೋಧವೋ ಚೀಟಿ ಎತ್ತಿದ ಮೇಲೇ ಗೊತ್ತಾಗುತ್ತಿತ್ತು. ಯಾವುದು ಬಂದರೂ ಗೆಲ್ಲುವುದೇ ಬುದ್ಧಿವಂತಿಕೆ ಅಂದುಕೊಂಡಿದ್ದೆ. ಜಗಳೂರು ಕಡೆಯ ಹಳ್ಳಿ ಹೈಸ್ಕೂಲಿಗೆ ಅತಿಥಿ ಶಿಕ್ಷಕನಾಗಿ ಹೋದಾಗ ಅದೇ ಬುದ್ಧಿಯನ್ನು ಜೊತೆಗೆ ಒಯ್ದೆ.

ಸಮಾಜ ಪಾಠದಲ್ಲಿ ಅಸ್ಪೃಶ್ಯತೆಯ ಅಧ್ಯಾಯ ಬಂತು. ಪ್ರಶ್ನೋತ್ತರ ಬರೆಸಿದರೆ ಯಾರ ಮನಸ್ಸೂ ಬದಲಾಗಲ್ಲ, ಎದುರುಬದುರು ನಿಲ್ಲಿಸಿ ಮಾತಾಡಿಸಬೇಕು ಅನ್ನೋದು ನನ್ನ ವಾದ. ‘ನಮ್ಮೂರಲ್ಲಿ ಜಾತಿಭೇದ ಉಳಿದಿಲ್ಲ’ ಅಂತ ಬೋರ್ಡಿನ ಮೇಲೆ ಬರೆದು ಚೀಟಿ ಹಾಕಿದೆ. ಊರಾಚೆಯ ಕೇರಿಯಿಂದ ಬರುತ್ತಿದ್ದ ಹುಡುಗಿಗೆ ‘ಪರ’ ಬಂತು. ಅವಳ ತಾಯಿ ನಮ್ಮ ಶಾಲೆಯ ಬಿಸಿಯೂಟದ ಅಡುಗೆ ಸಹಾಯಕಿ.

“ಸರ್, ಬದ್ಲಿ ಮಾಡಿ ಕೊಡ್ರಿ. ಇದು ನನಗೆ ಹೇಳಾಕೆ ಆಗಲ್ಲ.”

“ಚರ್ಚೇಲಿ ಸ್ವಂತ ಅಭಿಪ್ರಾಯ ಅನ್ನೋದು ಇರಲ್ಲಮ್ಮ,” ಅಂದೆ, ನಗುತ್ತಲೇ. “ಬಂದಿದ್ದನ್ನ ವಾದಿಸು.”

ವಾದಿಸಿದಳು. ಎಲ್ಲರೂ ಒಂದೇ ಸಾಲಲ್ಲಿ ಕೂತು ಉಣ್ಣುತ್ತೇವೆ, ಹೋಟೆಲಲ್ಲಿ ಎಲ್ಲರಿಗೂ ಒಂದೇ ಥರದ ಲೋಟ ಅಂತ, ನೆಲ ನೋಡುತ್ತಾ, ಎಲ್ಲೂ ತಡವರಿಸದೆ. ಅವಳಿಗೇ ಬಹುಮಾನ ಅಂದೆ. ಹೆಡ್‌ಮಾಸ್ತರಿಗೆ ಹಿಡಿಸಿ, ಪೋಷಕರ ಸಭೆಯಲ್ಲಿ ಮತ್ತೊಮ್ಮೆ ಹೇಳಿಸಿದರು. ಭಾಷಣ ತಿದ್ದಿಕೊಟ್ಟವನು ನಾನೇ. ಅಲ್ಲೇ ಅವಳಿಗೊಂದು ಪೆನ್ನು ಕೊಟ್ಟರು.

ಹದಿನೈದು ದಿನಕ್ಕೆ ಅವಳ ತಾಯಿ ಆಫೀಸಿಗೆ ಬಂದರು. ನಾನು ಮೂಲೆಯಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದೆ. ತಾನು ಸಾರಿಗೆ ಕೈ ಹಾಕಿದ ದಿನದಿಂದ ಕೆಲವು ಮಕ್ಕಳು ಮನೆಯಿಂದ ಡಬ್ಬಿ ತರುತ್ತಿದ್ದಾರೆ, ಅವತ್ತಿನಿಂದ ತನ್ನನ್ನು ಪಾತ್ರೆ ತೊಳೆಯೋಕಷ್ಟೇ ಇಟ್ಟಿದ್ದಾರೆ, ಉಳಿದವರಂತೆ ತನಗೂ ಅಡುಗೆ ಮಾಡೋಕೆ ಬಿಡಿ ಅಂತ ಕೇಳಿದರು.

ಹೆಡ್‌ಮಾಸ್ತರ ಪಕ್ಕದಲ್ಲೇ ಶಾಲಾ ಸಮಿತಿಯ ಅಧ್ಯಕ್ಷರು ಕೂತಿದ್ದರು. “ನಮ್ಮೂರಾಗೆ ಅಂಥದ್ದೇನೂ ಇಲ್ಲ ಅಂತ ನಿನ್ನ ಮಗಳೇ ಹೇಳ್ಯಾಳಲ್ಲವ್ವ. ಪ್ರೈಜ್ ಬೇರೆ ತಗಂಡಾಳೆ. ಈಗ ಯಾರ ಮಾತು ನಂಬಾನ? ಬೇಕಾದ್ರೆ ಮೇಷ್ಟ್ರನ್ನ ಕೇಳು, ಇಲ್ಲೇ ಅದಾರೆ.”

ಅದು ಅವಳ ಮಾತಲ್ಲ, ನಾನು ಕೊಟ್ಟ ಚೀಟಿ ಅಂತ ಒಂದು ವಾಕ್ಯ ಹೇಳಿದ್ದರೆ ಸಾಕಿತ್ತು. ಮುಂದಿನ ವರ್ಷ ನನ್ನನ್ನು ಇಟ್ಟುಕೊಳ್ಳಬೇಕೋ ಬೇಡವೋ ಅನ್ನೋದು ಆ ಇಬ್ಬರ ಕೈಯಲ್ಲಿತ್ತು.

“ಹೌದು, ಚೆನ್ನಾಗಿ ಮಾತಾಡಿದಳು,” ಅಂದೆ.

ಆ ತಾಯಿ ನನ್ನನ್ನು ಒಮ್ಮೆ ನೋಡಿ, ಸೆರಗು ಸರಿಮಾಡಿಕೊಂಡು ನಲ್ಲಿಯ ಹತ್ತಿರ ಹೋದರು. ನಾನು ಬಾಯಿ ಬಿಟ್ಟಿದ್ದರೂ ಆ ಇಬ್ಬರು ಆಕೆಯ ಕೈಗೆ ಸೌಟು ಕೊಡುತ್ತಿರಲಿಲ್ಲ ಅಂತ ಈಗಲೂ ವಾದಿಸಬಲ್ಲೆ, ಪಾಯಿಂಟುಗಳಿಗೇನೂ ಬರವಿಲ್ಲ. ಅದೇ ಹೇಸಿಗೆ ಅನಿಸುತ್ತೆ.

ಮರುದಿನ ಮೊದಲ ಪೀರಿಯಡ್ಡಿಗೆ ಹುಡುಗಿ ಎದ್ದು ಬಂದು ಆ ಪೆನ್ನನ್ನು ಮೇಜಿನ ಮೇಲಿಟ್ಟಳು.

“ನಿಮ್ಮ ಮಾತಿಗೆ ಬಂದಿದ್ದು ಸರ್. ನೀವೇ ಇಟ್ಕಳ್ರಿ.”

ಇಡೀ ಕ್ಲಾಸು ನನ್ನ ಉತ್ತರಕ್ಕೆ ಕಾಯುತ್ತಿತ್ತು. ನಾನು ಹಾಜರಿ ಕೂಗಲು ಶುರು ಮಾಡಿದೆ.